ನಲವತ್ತಮೂರನೆಯ ಕೋಣೆ

ನಮ್ಮ ಕೆಲಸ ಎಣಿಸುವುದು, ಅಷ್ಟೇ. ಧಾರವಾಡದ ನಮ್ಮ ಕಟ್ಟಡದ ಮುಂದೆ 'ಮಾನವ ಹಕ್ಕುಗಳ ಅನುಷ್ಠಾನ ಸಂಶೋಧನಾ ಕೇಂದ್ರ' ಎಂಬ ಮಾರುದ್ದದ ಫಲಕವಿದೆ. ಅದನ್ನು ಓದಿದವರು ಒಳಗೆ ಏನೋ ಘನಕಾರ್ಯ ನಡೆದಿರಬೇಕು ಎಂದುಕೊಳ್ಳುತ್ತಾರೆ. ಒಳಗೆ ಬಂದು ನೋಡಿದರೆ ಇಪ್ಪತ್ತೆರಡು ಜನ ಪರದೆಗಳ ಮುಂದೆ ಕೂತು ಒಂದು, ಎರಡು, ಮೂರು ಎಂದು ಎಣಿಸುತ್ತಿರುತ್ತಾರೆ. ಇದು ಒಂದನೇ ತರಗತಿಯ ಕೆಲಸ ಎಂದು ನಾನೇ ಎಷ್ಟೋ ಸಲ ನಕ್ಕಿದ್ದೇನೆ.

ನಾವು ಎಣಿಸುವುದು ಹೊರಗಿನಿಂದ ಬೀಗ ಹಾಕಿದ ಬಾಗಿಲುಗಳ ಹಿಂದೆ ಇರುವ ಮನುಷ್ಯರನ್ನು. ಯಾರನ್ನೂ ಗುಲಾಮರಾಗಿ ಇಟ್ಟುಕೊಳ್ಳಬಾರದು, ಯಾರನ್ನೂ ಮನಬಂದಂತೆ ಕೂಡಿಹಾಕಬಾರದು ಎಂದು ಜಗತ್ತಿನ ದೇಶಗಳೆಲ್ಲ ಒಪ್ಪಿಕೊಂಡು ಬಹಳ ಕಾಲವಾಗಿತ್ತು. ಒಪ್ಪಿಕೊಂಡವರು ಯಾರೂ ಬೀಗ ಬಿಚ್ಚಿರಲಿಲ್ಲ. ಕೇಳಿದರೆ 'ನಮ್ಮಲ್ಲಿ ಅಂಥವರು ಯಾರೂ ಇಲ್ಲ' ಎಂಬ ಒಂದೇ ಉತ್ತರ. ಇಲ್ಲ ಎಂದು ಕೈ ಝಾಡಿಸುವವರ ಮುಂದೆ ಇದ್ದಾರೆ ಎಂದು ತೋರಿಸುವುದು ಹೇಗೆ? ಹಕ್ಕನ್ನು ಕಾಗದದಿಂದ ನೆಲಕ್ಕೆ ಇಳಿಸುವ ಬಗೆ ಹುಡುಕುತ್ತಿದ್ದ ಸಂಶೋಧಕರೆಲ್ಲ ಈ ಒಂದು ಕಡೆಗೇ ಬಂದು ಮುಗ್ಗರಿಸುತ್ತಿದ್ದರು.

ನಮ್ಮ ನಿರ್ದೇಶಕಿ ಡಾ. ಇಂದುಮತಿ ಹೆಬ್ಬಳ್ಳಿಯವರು ನಿಜಕ್ಕೂ ಆ ಉತ್ತರವನ್ನು ನೆಲದಲ್ಲೇ ಹುಡುಕಿದರು. ಎದೆ ಒಮ್ಮೆ ಬಡಿದಾಗ ರಕ್ತ ಮೇಲಕ್ಕೆ ಚಿಮ್ಮುತ್ತದೆ, ಮೈ ಒಂದಿಷ್ಟು ಕೆಳಕ್ಕೆ ಒತ್ತುತ್ತದೆ. ನಿಂತವರ, ಕೂತವರ, ಮಲಗಿದವರ ಕೆಳಗಿನ ನೆಲ ಆಗ ಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲಿನಷ್ಟು ನಡುಗುತ್ತದೆ. ಆ ನಡುಕವನ್ನು ಕೇಳಿಸಿಕೊಳ್ಳುವ ಅಂಗೈ ಅಗಲದ ಬಿಲ್ಲೆಯನ್ನು ಅವರು ಮಾಡಿದರು. ಅದಕ್ಕೆ 'ಎದೆಗಿವಿ' ಎಂದು ಹೆಸರಿಟ್ಟರು. ಎರಡು ಎದೆಗಳು ಒಂದೇ ಲಯದಲ್ಲಿ ಬಡಿಯುವುದಿಲ್ಲ. ಹಾಗಾಗಿ ಕೋಣೆಯಲ್ಲಿ ಹತ್ತು ಜನರಿದ್ದರೆ ಎದೆಗಿವಿ ಹತ್ತು ಎಂದು ಬಿಡಿಸಿ ಹೇಳುತ್ತದೆ. ಇದನ್ನು ನಂಬಿ ದೇಶಗಳೆಲ್ಲ ಸೇರಿ ಮಾಡಿಕೊಂಡ 'ಬೀಗದ ಒಪ್ಪಂದ' ಜಾರಿಗೆ ಬಂದ ಮೇಲೆ ಸೆರೆಮನೆ, ಶಿಬಿರ, ಕಾರ್ಖಾನೆ, ವಲಸೆ ಕೆಲಸಗಾರರನ್ನು ಇಟ್ಟುಕೊಂಡ ದೊಡ್ಡ ಮನೆ, ಎಲ್ಲ ಕಡೆ ನೆಲದಲ್ಲಿ ಇದನ್ನು ಹುಗಿಯಲೇಬೇಕಾಯಿತು. ಆ ಜಾಗದವರು ಕೊಟ್ಟ ಪಟ್ಟಿಯಲ್ಲಿ ನಲವತ್ತು ಹೆಸರಿದ್ದು ನೆಲ ನಲವತ್ತೊಂದು ಎಂದರೆ, ಬೇರೆ ದೇಶಗಳಿಂದ ಆರಿಸಿದ ಇಬ್ಬರ 'ಬಾಗಿಲು ತಂಡ' ಅಲ್ಲಿಗೆ ಹೋಗಿ ಆ ಹೆಚ್ಚಿನ ಒಬ್ಬರು ಯಾರು ಎಂದು ನೋಡುತ್ತದೆ.

ನಮಗೆ ಒಂದೇ ಒಂದು ಕಟ್ಟಪ್ಪಣೆ: ಎಣಿಸು, ಗುರುತು ಹಿಡಿಯಬೇಡ. ಪ್ರಯೋಗದ ಮೊದಲ ವರ್ಷ ಹೆಬ್ಬಳ್ಳಿ ಮೇಡಂ ಒಂದು ದೇಶದಲ್ಲಿ ಕಾಣೆಯಾಗಿದ್ದ ಶಿಕ್ಷಕಿಯೊಬ್ಬರ ಎದೆಬಡಿತವನ್ನು ಅವರ ಹಳೆಯ ಆಸ್ಪತ್ರೆ ದಾಖಲೆಯೊಂದಿಗೆ ಹೋಲಿಸಿ ಗುರುತು ಹಿಡಿದರು. ಸಂಭ್ರಮದಿಂದ ವರದಿಯಲ್ಲಿ ಹೆಸರನ್ನೂ ಬರೆದರು. ತಂಡ ಹೋಗುವಷ್ಟರಲ್ಲಿ ಆ ಕೋಣೆ ಖಾಲಿಯಾಗಿ, ಹೊಸ ಸುಣ್ಣ ಬಳಿದಾಗಿತ್ತು. ಆಮೇಲೆ ಒಪ್ಪಂದದಲ್ಲಿ ಒಂಬತ್ತನೆಯ ಕಲಮು ಸೇರಿತು. ಕೇಂದ್ರದ ಯಾರಿಗಾದರೂ ಒಳಗಿರುವ ಒಬ್ಬರ ಗುರುತು ಗೊತ್ತಿದೆ ಎಂದು ಬಯಲಾದರೆ, ಆ ದೇಶದ ಎಣಿಕೆಯನ್ನೇ ಆ ದೇಶ ತಳ್ಳಿಹಾಕಬಹುದು. ಒಬ್ಬರ ಹೆಸರಿಗಾಗಿ ಸಾವಿರ ಜನ ಒಳಗೇ ಉಳಿಯಬೇಕಾಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಈ ಕೆಲಸಕ್ಕೆ ಸೇರಿದ್ದು ಒಬ್ಬಳನ್ನು ಹುಡುಕಲು.

ಅವಳು ನನ್ನ ಅಕ್ಕ ಬನಶಂಕರಿ. ನಮ್ಮದು ಇಳಕಲ್ಲು. ಮನೆಯೊಳಗೇ ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ ಸೀರೆ ನೇಯುವುದು. ಅವ್ವ ನೇಯುತ್ತಿದ್ದಳು, ಅಕ್ಕ ನೇಯುತ್ತಿದ್ದಳು, ನಾನು ಓದುತ್ತಿದ್ದೆ. ಅಕ್ಕನದು ಭಾರೀ ಹಟ. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವಳನ್ನು ಕೇಳದೆ ಅವ್ವ ಮತ್ತು ಸೋದರಮಾವ ಸೇರಿ ಗಂಡಿನ ಕಡೆಯವರನ್ನು ಕರೆಸಿದ್ದರು. ಅವರು ಬಂದು ಅವಲಕ್ಕಿ ತಿಂದು ಚಹಾ ಕುಡಿದು ಎದ್ದು ಹೋಗುವವರೆಗೂ ಅಕ್ಕ ಮಗ್ಗ ಬಿಟ್ಟು ಏಳಲಿಲ್ಲ. ಅವ್ವ ಎಲ್ಲರೆದುರು ಅವಳ ಕೆನ್ನೆಗೆ ಹೊಡೆದಳು. ಅದಾಗಿ ಮೂರು ತಿಂಗಳಿಗೆ ಅಕ್ಕ ಏಜೆಂಟನೊಬ್ಬನನ್ನು ಹಿಡಿದು ಮರುಭೂಮಿಯ ದೇಶವೊಂದಕ್ಕೆ ಮನೆಗೆಲಸಕ್ಕೆ ಹೋದಳು. ಶುಕ್ರವಾರಕ್ಕೊಮ್ಮೆ ನನಗೆ ಫೋನು ಮಾಡುತ್ತಿದ್ದಳು. ಅವ್ವನಿಗೆ ಕೊಡು ಎಂದು ಒಮ್ಮೆಯೂ ಅನ್ನಲಿಲ್ಲ. ಎರಡು ವರ್ಷಕ್ಕೆ ಫೋನು ನಿಂತಿತು. ಆಮೇಲೆ ಏಜೆಂಟನೂ ಇಲ್ಲ, ವಿಳಾಸವೂ ಇಲ್ಲ. ಬರೆದ ಪತ್ರಗಳಿಗೆಲ್ಲ 'ಈ ಹೆಸರಿನವರು ನಮ್ಮ ದಾಖಲೆಯಲ್ಲಿ ಇಲ್ಲ' ಎಂಬ ಉತ್ತರ. ಹನ್ನೊಂದು ವರ್ಷವಾಯಿತು. ಈಗಲೂ ಶುಕ್ರವಾರ ಬಂದರೆ ಫೋನನ್ನು ಜೊತೆಗೇ ಇಟ್ಟುಕೊಂಡು ತಿರುಗುತ್ತೇನೆ. ಬಚ್ಚಲಿಗೂ ಒಯ್ಯುತ್ತೇನೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇಂಥ ತಪ್ಪನ್ನು ನೇಕಾರರ ಮನೆಯ ಎಂಜಿನಿಯರು ಮಾತ್ರ ಮಾಡಲು ಸಾಧ್ಯ.

ಎದೆಗಿವಿ ಮೊದಲ ವರ್ಷ ಬಹಳ ಮಾನ ಕಳೆಯಿತು. ಒಂದು ಕಡೆ ಬಾಗಿಲು ತಂಡ ಪೊಲೀಸರೊಂದಿಗೆ ನುಗ್ಗಿ ನೋಡಿದರೆ ನೀರಿನ ಪಂಪು. ಇನ್ನೊಂದು ಕಡೆ ಮೀನಿಡುವ ಶೀತಲ ಪೆಟ್ಟಿಗೆ. ಮತ್ತೊಂದು ಕಡೆ, ಗುಡಿಯಲ್ಲಿ ಆರತಿ ಹೊತ್ತಿಗೆ ತಾನೇ ಬಾರಿಸಿಕೊಳ್ಳುವ ಕರೆಂಟಿನ ನಗಾರಿ. ಸರಕಾರಗಳು ಹೊಟ್ಟೆ ಹಿಡಿದುಕೊಂಡು ನಕ್ಕವು. ಇನ್ನೊಂದೆರಡು ಸಲ ಹೀಗಾಗಿದ್ದರೆ ಒಪ್ಪಂದವೇ ಮುರಿಯುತ್ತಿತ್ತು. ಯಂತ್ರದ ಬಡಿತವನ್ನು ಸೋಸಿ ತೆಗೆಯುವ ಜರಡಿಯೊಂದನ್ನು ಬರೆಯಲು ನನಗೆ ಹೇಳಿದರು. ನಾನು ಒಂಬೈನೂರು ಯಂತ್ರಗಳ ನಡುಕವನ್ನು ಸಂಗ್ರಹಿಸಿ ಗಣಕಕ್ಕೆ ಕಲಿಸಿದೆ. ಹಿಟ್ಟಿನ ಗಿರಣಿ, ಮಿಕ್ಸರು, ಬಟ್ಟೆ ಒಗೆಯುವ ಯಂತ್ರ, ಎಲ್ಲ. ಒಂದು ಶನಿವಾರ ಊರಿಗೆ ಹೋದಾಗ ಅವ್ವನ ಮಗ್ಗದ ಪಕ್ಕದಲ್ಲೂ ಎದೆಗಿವಿ ಇಟ್ಟು ಅರ್ಧ ಗಂಟೆ ದಾಖಲಿಸಿಕೊಂಡೆ.

"ಇದನ್ಯಾಕ ಹಿಡಕೊಳ್ಳಾಕತ್ತಿ?" ಎಂದು ಅವ್ವ ಕೇಳಿದ್ದಳು. "ನಾ ಕುಂತು ನೇಯಾಕತ್ತೀನಿ. ಇದೇನ್ ಮಿಶನ್ನ?"

"ಮಗ್ಗ ಅಂದ್ರ ಮಿಶನ್ನ ಅವ್ವಾ. ಸುಮ್ನ ನೇಯಿ," ಎಂದಿದ್ದೆ.

ಜರಡಿ ಚೆನ್ನಾಗಿ ಕೆಲಸ ಮಾಡಿತು. ಪಂಪು, ನಗಾರಿಗಳ ಕಾಟ ತಪ್ಪಿತು. ನನಗೊಂದು ಶಾಲು ಹೊದಿಸಿ ಸನ್ಮಾನವನ್ನೂ ಮಾಡಿದರು. ನಾಲ್ಕು ವರ್ಷ ನಾನು ಬೀಗುತ್ತಲೇ ಇದ್ದೆ.

ಈ ವರ್ಷ ಬೇಸಿಗೆಯಲ್ಲಿ ಅವ್ವ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಧಾರವಾಡಕ್ಕೆ ಬಂದಳು. ಸಪ್ತಾಪುರದಲ್ಲಿರುವ ನನ್ನ ಬಾಡಿಗೆ ಮನೆಯಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಒಂದು ಬೆಳಿಗ್ಗೆ ಹೊಸ ಎದೆಗಿವಿಯೊಂದನ್ನು ಪರೀಕ್ಷಿಸಲು ಮನೆಗೆ ತಂದು ಚಾಪೆಯ ಕೆಳಗೆ ಇಟ್ಟೆ. ಮನೆಯಲ್ಲಿ ನಾವಿಬ್ಬರು. ಪರದೆಯಲ್ಲಿ ಎರಡು ಎಂದು ಬರಬೇಕು. 'ಜನ: 1. ಯಂತ್ರ: 1' ಎಂದು ಬಂತು. ಫ್ರಿಜ್ಜಿನ ಕಾಟ ಎಂದುಕೊಂಡು ಅದನ್ನು ಆರಿಸಿದೆ. ಅದೇ ಉತ್ತರ. ಫ್ಯಾನು ಆರಿಸಿದೆ. ಅದೇ. ನನ್ನ ಎದೆಯನ್ನು ಲೆಕ್ಕದಿಂದ ಬಿಡಿಸಿ ನೋಡೋಣ ಎಂದು ಪರದೆ ಹಿಡಿದು ಅಂಗಳಕ್ಕೆ ಬಂದೆ.

'ಜನ: 0. ಯಂತ್ರ: 1.'

ಒಳಗೆ ನನ್ನ ಅವ್ವ ಇದ್ದಳು. ಬಾಗಿಲಿಗೆ ಬಂದು ನೋಡಿದೆ. ಅವ್ವ ಕುರ್ಚಿಗೆ ಒರಗಿ ಕೂತಿದ್ದಳು. ಅವಳ ಪಾದಗಳು ಮಾತ್ರ ನೆಲವನ್ನು ತುಳಿಯುತ್ತಿದ್ದವು. ಎಡ, ಬಲ, ಎಡ, ಬಲ, ಒಂದೇ ಹದದಲ್ಲಿ.

"ಅವ್ವಾ, ಕಾಲು ನಿಂದ್ರಸು."

"ಯಾವ ಕಾಲು?"

"ನಿನ್ನ ಕಾಲಬೇ. ಏನ್ ಮಾಡಾಕತ್ತಿ ಅದು?"

"ಏನ್ ಮಾಡ್ಲಿ? ಕಣ್ಣಿಗೆ ಪಟ್ಟಿ ಕಟಗೊಂಡು ಗುಡ್ಯಾಗಿನ ದೇವರಂಗ ಕುಂತೀನಿ," ಎಂದಳು. ಹಾಗೆ ಹೇಳುವಾಗ ಕಾಲು ನಿಂತಿತು. ಪರದೆಯಲ್ಲಿ ಯಂತ್ರ ಮಾಯವಾಗಿ ಇಬ್ಬರು ಮನುಷ್ಯರು ಮೂಡಿದರು. "ಹಾಂ, ಕಾಲು! ಅದು ಸುಮ್ನ ಕುಂತಾಗ ತಾನ ಆಡ್ತೈತಿ. ನನಗ ಖಬರ ಇರಂಗಿಲ್ಲ. ನಮ್ಮವ್ವಂದೂ ಆಡತಿತ್ತು. ಬನೀದೂ ಆಡತಿತ್ತಲ್ಲ, ನೆನಪಿಲ್ಲೇನ ನಿನಗ?"

ಚೆನ್ನಾಗಿ ನೆನಪಿತ್ತು. ಅಕ್ಕ ಊಟಕ್ಕೆ ಕೂತಾಗ, ಬಸ್ಸಿಗೆ ಕಾಯುವಾಗ, ಜ್ವರ ಬಂದು ಮಲಗಿದಾಗ ಕೂಡ ಅವಳ ಪಾದ ನೇಯುತ್ತಿತ್ತು. ಅದನ್ನು ನೋಡುತ್ತ ಬೆಳೆದವಳು ನಾನು. ಆ ತುಳಿತವೇ ಯಂತ್ರ ಎಂದು ಜಗತ್ತಿನ ನೆಲಕ್ಕೆಲ್ಲ ಕಲಿಸಿದವಳೂ ನಾನೇ. ಆ ಬಡಿತದ ಅಡಿಯಲ್ಲಿ ಎದೆಯ ಸಣ್ಣ ಸದ್ದೇನಾದರೂ ಕೇಳಿದರೆ ಅದು ಭ್ರಮೆ, ಬಿಟ್ಟುಬಿಡು ಎಂದು ನನ್ನ ಜರಡಿ ಅವ್ವನ ಮಗ್ಗದಿಂದ ಕಲಿತಿತ್ತು. ಅವ್ವ ಇಲ್ಲದೆ ಆ ಮಗ್ಗ ಒಂದೇಟೂ ಬಡಿಯುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ.

ಆ ದಿನವೇ ಹೆಬ್ಬಳ್ಳಿ ಮೇಡಂ ಮುಂದೆ ನಿಂತು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಎಷ್ಟು ಕೋಣೆ ಹೋಗ್ಯಾವ?" ಎಂದಷ್ಟೇ ಕೇಳಿದರು.

ಎದೆಗಿವಿ ಪ್ರತಿ ಕೋಣೆಯಿಂದಲೂ ದಿನಕ್ಕೊಮ್ಮೆ ನಲವತ್ತು ಸೆಕೆಂಡಿನ ಮಾದರಿಯೊಂದನ್ನು ತಪಾಸಣೆಗಾಗಿ ಕಳಿಸುತ್ತದೆ. ಜರಡಿಯನ್ನು ತಿದ್ದಿ, 'ಯಂತ್ರ' ಎಂದು ಬದಿಗೆ ಸರಿಸಿದ್ದ ಆರು ಸಾವಿರ ಕೋಣೆಗಳ ಮಾದರಿಗಳನ್ನು ಮತ್ತೆ ಸೋಸಿದೆ. ಇನ್ನೂರಾ ಹದಿನಾಲ್ಕು ಕೋಣೆಗಳಲ್ಲಿ ಯಂತ್ರದ ಕೆಳಗೆ ಎದೆ ಇತ್ತು. ಯಾರೋ ಗೋಡೆಯಿಂದ ಗೋಡೆಗೆ ನಡೆಯುತ್ತಲೇ ಇದ್ದರು. ಯಾರೋ ಕೂತಲ್ಲೇ ಹಿಂದೆ ಮುಂದೆ ತೂಗುತ್ತಿದ್ದರು. ಒಬ್ಬರು ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದರು, ನಿಮಿಷಕ್ಕೆ ಮೂವತ್ತು ಸಲ, ಒಂದೂ ತಪ್ಪದಂತೆ. ಅವರಿಗೆ ನನ್ನ ಜರಡಿ ಕೊಟ್ಟಿದ್ದ ಹೆಸರು ನೀರಿನ ಪಂಪು. ನಾನು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಮುಖ ತೊಳೆದುಕೊಂಡು ಬಂದು ಮುಂದಿನ ಮಾದರಿ ತೆಗೆದೆ.

ಅಕ್ಕ ಹೋದ ದೇಶದಲ್ಲಿ ಅಂಥ ಕೋಣೆಗಳು ಅರವತ್ತೊಂದು. ಪಟ್ಟಿ ಎದೆಗಿವಿಯ ಕ್ರಮಸಂಖ್ಯೆಯಂತೆ ತಯಾರಾಯಿತು. ನಲವತ್ತಮೂರನೆಯದು ದೊಡ್ಡ ಮನೆಯೊಂದರ ಹಿಂದಿನ ಉಗ್ರಾಣ. ಒಂದು ಎದೆ. ಎರಡು ಪಾದ. ಬಲಗಾಲು ಚುರುಕು. ಎಡಗಾಲು ಎವೆ ಮುಚ್ಚಿ ತೆಗೆಯುವಷ್ಟು ತಡ.

ಅಕ್ಕ ಒಂಬತ್ತು ವರ್ಷದವಳಿದ್ದಾಗ ಮಗ್ಗದ ಕುಣಿಯೊಳಗೆ ಬಿದ್ದು ಎಡಗಾಲಿನ ಹರಡಿನ ಎಲುಬು ಮುರಿದುಕೊಂಡಿದ್ದಳು. ಅದು ಸೊಟ್ಟಗೇ ಕೂಡಿಕೊಂಡಿತು. ಹೊರಗೆ ಜಗಲಿಯ ಮೇಲೆ ಕೂತು ಪಾಠ ಓದುತ್ತಿದ್ದ ನನಗೆ, ಒಳಗೆ ನೇಯುತ್ತಿರುವುದು ಅವ್ವನೋ ಅಕ್ಕನೋ ಎಂದು ಆ ತಡದಿಂದಲೇ ತಿಳಿಯುತ್ತಿತ್ತು.

ನಲವತ್ತು ಸೆಕೆಂಡಿನ ಆ ಮಾದರಿಯನ್ನು ಎಷ್ಟು ಸಲ ಕೇಳಿದೆನೋ ಗೊತ್ತಿಲ್ಲ. ಜಗತ್ತಿನಲ್ಲಿ ನೇಯುವವರು ನಾವಷ್ಟೇ ಅಲ್ಲ, ಸೊಟ್ಟ ಕಾಲು ನಮ್ಮ ಮನೆಗಷ್ಟೇ ಬಂದದ್ದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ವಿಜ್ಞಾನಿಯಾದವಳು ಹಾಗೆಯೇ ಹೇಳಿಕೊಳ್ಳಬೇಕು. ತಂಗಿಯಾದವಳು ಅಲ್ಲಿಯೇ ಮೇಜಿಗೆ ಹಣೆ ಹಚ್ಚಿ "ಅಕ್ಕಾ" ಎಂದಳು.

ಅಂದು ಮಧ್ಯಾಹ್ನ ಮನೆಗೆ ಬಂದು ಅವ್ವನಿಗೆ ರೊಟ್ಟಿ ಮುರಿದು ಕೊಡುತ್ತ, ಮಾಡಬಾರದ ಕೆಲಸವೊಂದನ್ನು ಮಾಡಿದೆ. ಬಾಯಿಂದ ಏನೂ ಹೇಳದೆ, ಎರಡು ಬೆರಳಿನಿಂದ ನೆಲವನ್ನು ಬಡಿದೆ. ಚುರುಕು, ತಡ. ಚುರುಕು, ತಡ.

ಅವ್ವನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. "ಇನ್ನೊಮ್ಮೆ ಬಡಿ."

ಬಡಿದೆ.

"ಬನಿ," ಎಂದಳು. "ಎಲ್ಲಿ ಅದಾಳ? ಎಲ್ಲಿ ಕೇಳಿದಿ ಇದನ್ನ?"

"ಅಕೀನ ಅಂತ ಹೇಳಾಕ ಬರೂದಿಲ್ಲವ್ವಾ."

"ಹಡದಾಕಿ ನಾನು. ನನಗ ಹೇಳಾಕ ಬರತೈತಿ."

ಎಲ್ಲವನ್ನೂ ಹೇಳಿದೆ. ಅರವತ್ತೊಂದು ಕೋಣೆಗಳು. ಆ ದೇಶದಲ್ಲಿ ಇರುವುದು ಒಂದೇ ಬಾಗಿಲು ತಂಡ. ಒಂದೊಂದು ಬಾಗಿಲಿಗೂ ನ್ಯಾಯಾಲಯದ ನೋಟೀಸು ಬೇಕು, ವಾರಕ್ಕೆ ಎರಡು ಬಾಗಿಲು ತೆರೆದರೆ ಹೆಚ್ಚು. ನಲವತ್ತಮೂರಕ್ಕೆ ಬರಲು ಐದು ತಿಂಗಳು. ಅವ್ವ ಕಣ್ಣಿನ ಪಟ್ಟಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು ಎಲ್ಲ ಕೇಳಿದಳು.

"ಒಂದು ಮಾಡು," ಎಂದಳು.

"ಏನು?"

"ನಂಬರು. ನಲವತ್ಮೂರನ್ನ ಒಂದು ಮಾಡು. ನಿನ್ನ ಕೈಯಾಗ ಐತಿಲ್ಲೋ? ಆ ಕುಣ್ಯಾಗ ಕುಂತಾಳ ನನ್ನ ಮಗಳು. ಒಂದು ಮಾಡು ಮಾಂತವ್ವ, ನಿನ್ನ ಕಾಲಿಗೆ ಬೀಳ್ತೀನಿ."

ತಾಯಿ ಮಗಳಿಗೆ ಹಾಗೆ ಹೇಳಬಾರದು. ಹೇಳಿದಳು. ನಾನು ರೊಟ್ಟಿಯ ತಾಟನ್ನು ಬದಿಗಿಟ್ಟು ಅವಳ ಎರಡೂ ಕೈ ಹಿಡಿದುಕೊಂಡೆ.

ಮರುದಿನ ಊಟದ ಬಿಡುವಿನಲ್ಲಿ ಎಣಿಕೆ ಕೋಣೆ ಖಾಲಿಯಿತ್ತು. ಪಟ್ಟಿ ತೆರೆದೆ. ಒಂದನೆಯ ಮತ್ತು ಎರಡನೆಯ ಕೋಣೆಗಳಿಗೆ ನೋಟೀಸು ಆಗಲೇ ಹೊರಟಿತ್ತು. ಆದ್ದರಿಂದ ನಲವತ್ತಮೂರನ್ನು ಹಿಡಿದು ಎಳೆದು ಮೂರರ ಜಾಗದಲ್ಲಿ ಬಿಟ್ಟೆ. ನಾಲ್ಕು ಬೆರಳಿನಷ್ಟು ಪರದೆಯ ಮೇಲೆ ಎಳೆದದ್ದು. ಐದು ತಿಂಗಳು ಅಷ್ಟರಲ್ಲಿ ಮುಗಿದುಹೋಯಿತು. ಬಹಳ ಸುಖವಾಯಿತು. ಸುಳ್ಳು ಯಾಕೆ ಹೇಳಲಿ, ಹನ್ನೊಂದು ವರ್ಷದಲ್ಲಿ ಅಷ್ಟು ಸುಖ ನನಗೆ ಆಗಿರಲೇ ಇಲ್ಲ.

ಬದಲಾವಣೆಯನ್ನು ಖಚಿತಪಡಿಸುವ ಮೊದಲು ಗಣಕ ತನ್ನ ಪದ್ಧತಿಯಂತೆ, ಹಿಂದಕ್ಕೆ ಸರಿಯುವ ಕೋಣೆಯ ವಿವರ ತೋರಿಸಿತು. ಮೂರನೆಯ ಕೋಣೆ. ಎರಡು ಎದೆ. ಒಂದು ನಿಮಿಷಕ್ಕೆ ಎಂಬತ್ತು. ಇನ್ನೊಂದು ನೂರಾ ನಲವತ್ತು. ನೂರಾ ನಲವತ್ತು ಬಡಿಯುವುದು ಕೂಸಿನ ಎದೆ. ಯಾರೋ ಕೂಸನ್ನು ಎತ್ತಿಕೊಂಡು ತೂಗುತ್ತಿದ್ದರು. ತೂಗುವ ಆ ಲಯವನ್ನೇ ನನ್ನ ಜರಡಿ ಯಂತ್ರ ಎಂದಿತ್ತು.

ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ಹೆಬ್ಬಳ್ಳಿ ಮೇಡಂ ನಿಂತಿದ್ದರು. ಪರದೆಯನ್ನೂ ನನ್ನನ್ನೂ ನೋಡಿದರು.

"ಯಾರದು ಆ ಕೋಣಿ?" ಎಂದರು.

ನಾನು ಬಾಯಿ ತೆರೆದೆ. ಅವರು ಕೈ ಎತ್ತಿದರು.

"ತಡಿ. ವಿಚಾರ ಮಾಡಿ ಹೇಳು. ಯಾರದೂ ಗೊತ್ತಿಲ್ಲ ಅಂದ್ರ ಅದನ್ನ ಇದ್ದಲ್ಲಿಗೆ ಇಡು. ಗೊತ್ತದ ಅಂದ್ರ ನನಗ ಹೇಳಬ್ಯಾಡ. ಕೇಳಿಸಿಕೊಂಡ ಮ್ಯಾಲ ನಾನು ಅರವತ್ತೊಂದೂ ಬಾಗಲಾ ಮುಚ್ಚಬೇಕಾಗತದ." ಹೊರಡಲು ತಿರುಗಿ, "ಆ ಶಿಕ್ಷಕಿ ಹೆಸರು ನಾ ಬರದಾಗ ನನಗೂ ಭಾಳ ಸಂತೋಷ ಆಗಿತ್ತು," ಎಂದು ಹೇಳಿ ಹೊರಟುಹೋದರು.

ಕೂಸು ನಿದ್ದೆ ಹೋಗಿರಬೇಕು ಎಂದು ಯಾಕೋ ಅನಿಸಿತು. ನಲವತ್ತಮೂರನ್ನು ಹಿಡಿದು ಮತ್ತೆ ಕೆಳಕ್ಕೆ ಎಳೆದು ಅದರ ಜಾಗದಲ್ಲಿ ಬಿಟ್ಟೆ. ಅಕ್ಕನನ್ನು ನನ್ನ ಕೈಯಾರೆ ಮತ್ತೆ ಒಳಗೆ ಹಾಕಿ ಚಿಲಕ ಹಾಕಿದೆ ಎನಿಸಿತು. ಇದಕ್ಕೆ ಯಾರೂ ಶಾಲು ಹೊದಿಸಲಿಲ್ಲ.

ಅವ್ವನಿಗೆ ಕೂಸಿನ ಮಾತು ಹೇಳಿದೆ. ಅವಳು ಅರ್ಥ ಮಾಡಿಕೊಂಡು ತಲೆ ನೇವರಿಸುತ್ತಾಳೆ ಎಂದು ಕಾದಿದ್ದೆನಾದರೆ, ನಾನು ಅವ್ವಂದಿರನ್ನು ಕಥೆಗಳಲ್ಲಷ್ಟೇ ನೋಡಿದವಳು ಎಂದಾಗುತ್ತಿತ್ತು.

"ಕೂಸಿಗೆ ತಾಯಿ ಜೋಡಿ ಐತಿ. ಬನಿಗೆ ಯಾರದಾರ?" ಎಂದಳು. ಕಣ್ಣಿನ ಪಟ್ಟಿ ಬಿಚ್ಚಿದ ದಿನವೇ ಚೀಲ ತುಂಬಿಕೊಂಡು ಇಳಕಲ್ಲಿನ ಬಸ್ಸು ಹತ್ತಿದಳು. ಹೊಸ ಕಣ್ಣಿನಿಂದ ನನ್ನನ್ನು ಒಮ್ಮೆ ಸರಿಯಾಗಿ ನೋಡಿದಳೋ ಇಲ್ಲವೋ ತಿಳಿಯದು. ಆ ಐದು ತಿಂಗಳು ಫೋನು ಮಾಡಿದರೆ ಮಾವ ಎತ್ತಿ, "ನಿಮ್ಮವ್ವ ಮಗ್ಗದ ಮ್ಯಾಲದಾಳವಾ" ಎನ್ನುತ್ತಿದ್ದ.

ನಾನು ಎಣಿಸಿದೆ. ವಾರಕ್ಕೆ ಎರಡು ಬಾಗಿಲು. ತೆರೆದ ಪ್ರತಿ ಬಾಗಿಲಿಗೂ ಒಂದು ನಮೂನೆ ಬರುತ್ತಿತ್ತು. ಒಳಗಿದ್ದವರಿಗೆ ಇಷ್ಟವಿದ್ದರೆ ಹೆಸರು, ಇಲ್ಲದಿದ್ದರೆ ಇಲ್ಲ. ಅವರು ಮೊದಲು ಕೇಳಿದ್ದೇನು ಎಂಬುದಕ್ಕೆ ಒಂದು ಸಾಲು. ಯಾರಿಗಾದರೂ ತಿಳಿಸಬೇಕೇ ಎಂಬುದಕ್ಕೆ ಇನ್ನೊಂದು. ಮೂರನೆಯ ಕೋಣೆಯಿಂದ ತಾಯಿ ಕೂಸು ಹೊರಬಂದರು. ತಾಯಿ ಕೇಳಿದ್ದು ಬಿಸಿನೀರು. ಏಳನೆಯವರು ಕನ್ನಡಿ ಕೇಳಿದರು. ಹನ್ನೆರಡನೆಯವರು, ನನ್ನ ಜೊತೆ ಸ್ವಲ್ಪ ಹೊತ್ತು ಯಾರಾದರೂ ಮಾತಾಡಿ ಎಂದರು. ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದವರು ಇಪ್ಪತ್ತಾರನೆಯವರು. ಏನನ್ನೂ ಕೇಳಲಿಲ್ಲ, ಅಂಗಳದಲ್ಲಿ ಮಲಗಿ ನಿದ್ದೆ ಹೋದರಂತೆ. ಓದುತ್ತ ಓದುತ್ತ ಅವರೆಲ್ಲ ನನಗೆ ಹತ್ತಿರದವರಾದರು. ಆದರೂ ಹಾಳು ಮನಸ್ಸು, ಪ್ರತಿ ನಮೂನೆ ಬಂದಾಗಲೂ ಇವರ ಬದಲು ಅವಳಾಗಿದ್ದರೆ ಎಂದು ಒಂದು ಕ್ಷಣ ಅನ್ನದೆ ಬಿಡಲಿಲ್ಲ.

ದಿನಾ ಬೆಳಿಗ್ಗೆ ಹತ್ತಕ್ಕೆ ನಲವತ್ತಮೂರರ ಹೊಸ ಮಾದರಿ ಬರುತ್ತಿತ್ತು. ಅದನ್ನು ಕೇಳದೆ ಚಹಾ ಕುಡಿಯುತ್ತಿರಲಿಲ್ಲ. ಮೊದಲ ತಿಂಗಳು ತುಳಿತ ಗಟ್ಟಿಯಿತ್ತು. ಮೂರನೆಯ ತಿಂಗಳಿಗೆ ನಿಧಾನವಾಯಿತು. ನಾಲ್ಕನೆಯ ತಿಂಗಳಲ್ಲಿ ಕೆಲವು ದಿನ ಪಾದ ಆಡುತ್ತಲೇ ಇರಲಿಲ್ಲ, ಎದೆ ಮಾತ್ರ ಬಡಿಯುತ್ತಿತ್ತು. ಅಂಥ ದಿನ ನಾನು ನನ್ನ ಕುರ್ಚಿಯಲ್ಲಿ ಕೂತು, ಪಾದವನ್ನು ನೆಲಕ್ಕೆ ಒತ್ತಿ, 'ತುಳಿ ಅಕ್ಕಾ, ತುಳಿ, ಇನ್ನು ಹತ್ತೇ ಬಾಗಿಲು' ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ನೇಯುವುದನ್ನು ಕಲಿಯದ ನನ್ನ ಕಾಲಿಗೆ ಆ ಲಯ ಹಿಡಿಯಲು ಬರುತ್ತಿರಲಿಲ್ಲ.

ಕಾರ್ತಿಕದ ಒಂದು ಗುರುವಾರ ನಲವತ್ತಮೂರನೆಯ ಬಾಗಿಲು ತೆರೆಯಿತು. ನಮೂನೆ ಬಂದಾಗ ಪಕ್ಕದವರಿಗೆ ಹೇಳಿ ಅದನ್ನು ತೆರೆಸಿದೆ. ಒಂದೇ ಪುಟ. ಎರಡು ಸಲ ಓದಿದೆ. ರಜೆ ಬರೆದಿಟ್ಟು ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಇಳಕಲ್ಲಿಗೆ ಹೊರಟೆ. ಆ ಮಾತನ್ನು ಫೋನಿನಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಎದುರಿಗೆ ಹೇಳುವ ಧೈರ್ಯವೂ ಇರಲಿಲ್ಲ. ಆದರೆ ಎದುರಿಗಾದರೆ ಅವಳನ್ನು ಹಿಡಿದುಕೊಳ್ಳಬಹುದು.

ಹುನಗುಂದ ದಾಟುವವರೆಗೂ ಒಂದು ಸುಳ್ಳು ಕಟ್ಟುತ್ತಿದ್ದೆ. ಬೇರೆ ಯಾರೋ ಇದ್ದರು, ಅಕ್ಕನಲ್ಲ ಎಂದುಬಿಟ್ಟರೆ ಅವ್ವನ ಸಂಕಟ ಇದ್ದಷ್ಟೇ ಇರುತ್ತದೆ, ಹೊಸದೇನೂ ಸೇರುವುದಿಲ್ಲ. ಬಸ್ಸಿನಿಂದ ಇಳಿಯುವ ಹೊತ್ತಿಗೆ ಆ ಸುಳ್ಳು ನನಗೇ ಹೇಸಿಗೆಯಾಯಿತು. ಈ ಐದು ತಿಂಗಳು ನನ್ನ ಕೈಲಿ ಉಳಿದಿದ್ದದ್ದು ಸರಿಯಾದ ಎಣಿಕೆಯೊಂದೇ.

ಅವ್ವ ಮಗ್ಗದ ಮೇಲಿದ್ದಳು. ನನ್ನನ್ನು ನೋಡಿ ಕಾಲು ನಿಲ್ಲಿಸಿದಳು. ಏಳಲಿಲ್ಲ.

"ಬಾಗಲಾ ತಗದ್ರವ್ವಾ," ಎಂದೆ. ಕುಣಿಯ ಅಂಚಿನಲ್ಲಿ ಅವಳ ಪಕ್ಕಕ್ಕೆ ಕೂತೆ. "ಒಬ್ಬಾಕಿ ಹೆಣ್ಣಮಗಳು. ಜೀವಂತ ಅದಾಳ. ತಾನ ನಡಕೊಂಡು ಹೊರಗ ಬಂದಾಳ."

ಅವ್ವ ಲಾಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಹೆಸರು?"

"ಹೇಳಿಲ್ಲ."

"ಊರು?"

"ಹೇಳಿಲ್ಲ. ಹೇಳಬೇಕು ಅಂತ ಕಾನೂನಿಲ್ಲ. ಅದು ಆಕಿ ಹಕ್ಕು. ಈಗ ಎಲ್ಲಿಗೆ ಹೋಗ್ಯಾಳ ಅನ್ನೂದನ್ನೂ ನಾವು ಕೇಳೂಹಂಗಿಲ್ಲ. ಆ ಕಾಗದಾ ಒಂದು ತಿಂಗಳಕ್ಕ ಸುಟ್ಟಬಿಡ್ತಾರ."

"ಮನಿಗೆ ತಿಳಸ್ರಿ ಅಂದ್ಳಾ?"

ಇದೇ ಪ್ರಶ್ನೆಗಾಗಿ ನಾನು ದಾರಿಯುದ್ದಕ್ಕೂ ಹೆದರಿದ್ದು. ಅವ್ವನ ಭುಜದ ಮೇಲೆ ಕೈ ಇಟ್ಟೆ.

"ಯಾರಿಗಾದರೂ ತಿಳಸೂದೈತೇನು ಅಂತ ಮೂರು ಸಲ ಕೇಳಬೇಕು ಅಂತ ನಿಯಮ ಐತಿ. ಗಾಬರ್ಯಾಗ ಏನರ ಅಂದಿರ್ತಾರ ಅಂತ. ಮೂರು ಸಲಾನೂ ಕೇಳ್ಯಾರ." ಭುಜವನ್ನು ಗಟ್ಟಿಯಾಗಿ ಹಿಡಿದೆ. "ಮೂರು ಸಲಾನೂ ಬ್ಯಾಡ ಅಂದಾಳವ್ವಾ."

ಅವ್ವ ಅರ್ಧ ನೇಯ್ದ ಸೀರೆಯ ಮೇಲೆ ಬಾಗಿದಳು. ಕುಸಿಯುತ್ತಾಳೆ ಎಂದು ನಾನು ಅವಳ ಬೆನ್ನಿಗೆ ಕೈ ಕೊಟ್ಟೆ. ಆ ಬೆನ್ನು ಅಲುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ಮುಖ ನೋಡಿದರೆ ಕಣ್ಣೀರು ಸುರಿಯುತ್ತಿತ್ತು, ಬಾಯಿ ಮಾತ್ರ ನಗುತ್ತಿತ್ತು.

"ಮೂರು ಸಲ ಕೇಳಿದ್ರೂ ಬ್ಯಾಡ ಅಂದ್ಳಾ?"

"ಹೂಂ."

"ಹಂಗಾರ ಅಕೀನ."

ಇದು ಪುರಾವೆಯಲ್ಲ. ಜಗತ್ತಿನಲ್ಲಿ ಹಟದ ಹೆಣ್ಣುಮಕ್ಕಳಿಗೇನು ಬರವೇ? ನಾನು ಕಲಿತ ಯಾವ ವಿದ್ಯೆಯೂ ಇದನ್ನು ಒಪ್ಪುವುದಿಲ್ಲ.

"ಇನ್ನೂ ಸಿಟ್ಟು ಐತಿ ಅಕಿಗೆ ನನ್ನ ಮ್ಯಾಲ," ಎಂದಳು ಅವ್ವ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ. "ಸಿಟ್ಟು ಐತಿ ಅಂದ್ರ, ಮಾಂತವ್ವ, ಆರಾಮ ಅದಾಳ."